ಮನೆಯೇ ಶಾಲೆಯಾದಾಗ ಕನ್ನಡ ವ್ಯಾಕರಣ ಯಾವುದು?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ನಮ್ಮಲ್ಲಿ ಇಂದು ಅಪರೂಪವೇನಲ್ಲ. ಶಾಲೆಯ ಒತ್ತಡ, ಅಂಕಗಳ ಬೆನ್ನಟ್ಟುವಿಕೆ, ದುಬಾರಿ ಶುಲ್ಕ, ಮಗುವಿನ ವಿಶೇಷ ಅಗತ್ಯ ಹೀಗೆ ಕಾರಣಗಳು ಹಲವು. ಈ ದಾರಿ ಹಿಡಿದ ಪೋಷಕರು ಗಣಿತಕ್ಕೆ ಅಷ್ಟಾಗಿ ಹೆದರುವುದಿಲ್ಲ. ವಿಜ್ಞಾನಕ್ಕೆ ಪುಸ್ತಕಗಳಿವೆ, ಪ್ರಯೋಗಗಳಿವೆ. ಮಗುವಿಗೆ ಹನ್ನೊಂದು, ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಅವರನ್ನು ತಡೆದು ನಿಲ್ಲಿಸುವುದು ಭಾಷೆಯ ಪ್ರಶ್ನೆ. ವ್ಯಾಕರಣವನ್ನು ಕಲಿಸಬೇಕೇ? ಕಲಿಸುವುದಾದರೆ ಯಾವುದನ್ನು? ಬರವಣಿಗೆಯನ್ನು ರೂಢಿಸುವುದು ಹೇಗೆ? ಇಂಗ್ಲಿಷಿನ ಮಟ್ಟಿಗೆ ಈ ಪ್ರಶ್ನೆಗಳಿಗೆ ಮಾರುಕಟ್ಟೆಯಲ್ಲಿ ಹತ್ತಾರು ಸಿದ್ಧ ಉತ್ತರಗಳಿವೆ. ಕನ್ನಡದ ಮಟ್ಟಿಗೆ ಒಂದೂ ಇಲ್ಲವೆಂದರೆ ಉತ್ಪ್ರೇಕ್ಷೆಯಾಗಲಾರದು.

ಇದನ್ನು ಕೆಲವೇ ಕುಟುಂಬಗಳ ಖಾಸಗಿ ತೊಡಕೆಂದು ತಳ್ಳಿಹಾಕುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹೇಳುತ್ತದೆಯಾದರೂ ಸೇರಿಸದವರಿಗೆ ದಂಡನೆಯನ್ನು ವಿಧಿಸುವುದಿಲ್ಲ. ಈ ನಡುದಾರಿಯಲ್ಲೇ ಮನೆಶಿಕ್ಷಣ ಬದುಕಿಕೊಂಡಿದೆ. ಹದಿನಾಲ್ಕು ತುಂಬಿದ ಮಗು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅಲ್ಲಿ ಐದು ವಿಷಯಗಳಲ್ಲಿ ಒಂದು ಭಾಷೆ ಇದ್ದರೆ ಸಾಕು. ಆ ಭಾಷೆ ಕನ್ನಡವೇ ಆಗಬೇಕೆಂದಿಲ್ಲ. ಇನ್ನು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿತು. ಶಾಲೆಯೇ ಇಲ್ಲದ ಕಡೆ ಅದರ ಕೈ ಚಾಚುವುದಿಲ್ಲ. ಕಲಿಕೆಯ ಮಾಧ್ಯಮದ ಆಯ್ಕೆ ಪೋಷಕರಿಗೆ ಬಿಟ್ಟದ್ದೆಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ. ಒಟ್ಟು ಫಲಿತಾಂಶವಿಷ್ಟೆ: ಕನ್ನಡದ ಮನೆಯಲ್ಲಿ ಹುಟ್ಟಿ, ಕನ್ನಡದ ನೆಲದಲ್ಲಿ ಬೆಳೆದು, ಕನ್ನಡದಲ್ಲಿ ಒಂದು ಪುಟವನ್ನೂ ಬರೆಯದೆ ಮಗುವೊಂದು ತನ್ನ ಶಿಕ್ಷಣವನ್ನು ಮುಗಿಸಿಬಿಡಬಹುದು. ಅದನ್ನು ತಪ್ಪಿಸುವ ಹೊಣೆ ಸಂಪೂರ್ಣವಾಗಿ ತಂದೆತಾಯಿಯರದು.

ಬೆಂಗಳೂರಿನಿಂದ ಮಾಗಡಿಯತ್ತ ಬಂದು ಕಲ್ಯದಂಥ ಊರಿನ ಆಸುಪಾಸಿನಲ್ಲಿ ಒಂದಿಷ್ಟು ಜಮೀನು ಕೊಂಡು ನೆಲೆಸಿದ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮನೆಮಾತು ಕನ್ನಡ. ತಂದೆತಾಯಿಯರ ಉದ್ಯೋಗದ ಭಾಷೆ ಇಂಗ್ಲಿಷ್. ಮಗಳಿಗೆ ಹನ್ನೆರಡು ವರ್ಷ. ಅವಳು ಕನ್ನಡವನ್ನು ಸರಾಗವಾಗಿ ಮಾತನಾಡುತ್ತಾಳೆ, ತಡವರಿಸುತ್ತಾ ಓದುತ್ತಾಳೆ, ಬರೆಯುವುದೆಂದರೆ ಮುಖ ಸಿಂಡರಿಸುತ್ತಾಳೆ. ಈ ಮಗುವಿಗೆ ಮುಂದಿನ ಮೂರು ವರ್ಷಗಳ ಕನ್ನಡ ಪಾಠ ಹೇಗಿರಬೇಕು ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಮೊದಲ ಆಕರ್ಷಣೆ ಇಂಗ್ಲಿಷ್ ಪಠ್ಯಕ್ರಮವನ್ನೇ ಕನ್ನಡಕ್ಕೂ ಒಗ್ಗಿಸಿಕೊಳ್ಳುವುದು. ಅಮೆರಿಕದ ಮನೆಶಿಕ್ಷಣದ ಪಠ್ಯಕ್ರಮಗಳು ಅಚ್ಚುಕಟ್ಟಾಗಿವೆ ಎಂಬುದರಲ್ಲಿ ಎರಡು ಮಾತಿಲ್ಲ. ದಿನಕ್ಕೊಂದು ಪಾಠ, ವಾರಕ್ಕೊಂದು ಪ್ರಬಂಧ, ಕೊನೆಯಲ್ಲಿ ಉತ್ತರಗಳ ಪಟ್ಟಿ. ಅವುಗಳಲ್ಲಿ ಕೆಲವು ವಾಕ್ಯವನ್ನು ಗೆರೆಗಳ ಮೇಲೆ ಬಿಡಿಸಿ ತೋರಿಸುವ ವಿಧಾನವನ್ನು ಇಂದಿಗೂ ಬಳಸುತ್ತವೆ. ರೀಡ್ ಮತ್ತು ಕೆಲಾಗ್ ಎಂಬ ಇಬ್ಬರು ಅಮೆರಿಕನ್ ಅಧ್ಯಾಪಕರ 1877ರ ಪುಸ್ತಕದಿಂದ ಅದು ಪ್ರಸಿದ್ಧಿಗೆ ಬಂತು. ಪದಗಳ ಸ್ಥಾನವೇ ಅರ್ಥವನ್ನು ನಿರ್ಧರಿಸುವ ಇಂಗ್ಲಿಷಿಗೆ ಅದು ಉಪಯುಕ್ತ. ಕನ್ನಡದಲ್ಲಿ ಅರ್ಥದ ಭಾರವನ್ನು ಹೊರುವುದು ವಿಭಕ್ತಿ ಪ್ರತ್ಯಯ ಮತ್ತು ಕ್ರಿಯಾಪದದ ಕೊನೆ. ‘ನಾಯಿ ಬೆಕ್ಕನ್ನು ಅಟ್ಟಿತು’ ಎಂದರೂ ‘ಬೆಕ್ಕನ್ನು ನಾಯಿ ಅಟ್ಟಿತು’ ಎಂದರೂ ಓಡುವುದು ಬೆಕ್ಕೇ. ಇಂಗ್ಲಿಷ್ ಅಚ್ಚಿನಲ್ಲಿ ಪಳಗಿದ ಮಗು ಕನ್ನಡದಲ್ಲಿ ‘ಯಾವ ಹುಡುಗ ನಿನ್ನೆ ಬಂದನೋ ಅವನು’ ಎಂದು ಬರೆಯುತ್ತದೆ. ‘ನಿನ್ನೆ ಬಂದ ಹುಡುಗ’ ಎಂಬ ಮೂರು ಪದಗಳಲ್ಲಿ ಕೆಲಸ ಮುಗಿಯುತ್ತದೆಂದು ಅದಕ್ಕೆ ಹೊಳೆಯುವುದೇ ಇಲ್ಲ. ‘ಅಜ್ಜಿಯಿಂದ ರೊಟ್ಟಿ ಮಾಡಲ್ಪಟ್ಟಿತು’ ಎಂಬಂಥ, ಯಾವ ಅಡುಗೆಮನೆಯಲ್ಲೂ ಕೇಳಿಬರದ ವಾಕ್ಯಗಳು ಹುಟ್ಟುವುದೂ ಹೀಗೆಯೇ.

ಎರಡನೆಯ ದಾರಿ ನಮ್ಮದೇ ಸಾಂಪ್ರದಾಯಿಕ ವ್ಯಾಕರಣ. ಇದರ ಹಿಂದಿರುವ ಪರಂಪರೆ ಸಾಮಾನ್ಯವಾದುದಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲೇ ರಚಿಸಿದ. ಸೂತ್ರಗಳು ಕಂದಪದ್ಯದಲ್ಲಿ, ವಿವರಣೆ ಗದ್ಯದಲ್ಲಿ, ಉದಾಹರಣೆಗಳು ಹಿಂದಿನ ಕವಿಗಳ ಪ್ರಯೋಗಗಳಲ್ಲಿ. 1604ರಲ್ಲಿ ಭಟ್ಟಾಕಳಂಕ 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತದಲ್ಲಿ ಬರೆದು ಕನ್ನಡದ ಘನತೆಯನ್ನು ಪಂಡಿತರ ಸಭೆಯಲ್ಲಿ ಸ್ಥಾಪಿಸಲು ಯತ್ನಿಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’, 1903ರಲ್ಲಿ ಕಿಟೆಲ್ ಅವರ ವ್ಯಾಕರಣ, ಆನಂತರ ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಹೀಗೆ ಸಾಲು ಮುಂದುವರಿಯಿತು. ಇಂದಿನ ಶಾಲಾ ಪಠ್ಯಗಳಲ್ಲಿರುವ ಸಂಧಿ, ಸಮಾಸ, ವಿಭಕ್ತಿ, ತತ್ಸಮ–ತದ್ಭವಗಳ ಚೌಕಟ್ಟು ಈ ಪರಂಪರೆಯಿಂದಲೇ ಇಳಿದು ಬಂದದ್ದು. ಪರೀಕ್ಷೆಗೆ ಕುಳಿತುಕೊಳ್ಳುವ ಮಗುವಿಗೆ ಈ ಪರಿಭಾಷೆ ಬೇಕೇ ಬೇಕು.

ಆದರೆ ಈ ಚೌಕಟ್ಟಿನ ಬಗ್ಗೆ ಗಂಭೀರ ಆಕ್ಷೇಪಗಳಿವೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದು, ಸಂಸ್ಕೃತದ ಅಂಗಿಯನ್ನು ಕನ್ನಡಕ್ಕೆ ತೊಡಿಸಲಾಗಿದೆ ಎಂದು ವಾದಿಸಿದರು. ಪಂಚಮೀ ವಿಭಕ್ತಿಯನ್ನೇ ನೋಡಬಹುದು. ಪಠ್ಯಪುಸ್ತಕ ತೃತೀಯೆಗೆ ‘ಇಂದ’ ಎಂದೂ ಪಂಚಮಿಗೆ ‘ದೆಸೆಯಿಂದ’ ಎಂದೂ ಹೇಳಿಕೊಡುತ್ತದೆ. ‘ಮರದ ದೆಸೆಯಿಂದ ಎಲೆ ಬಿತ್ತು’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಕತ್ತಿಯಿಂದ ಕಡಿಯುವುದೂ ಮರದಿಂದ ಬೀಳುವುದೂ ಒಂದೇ ಪ್ರತ್ಯಯದಲ್ಲಿ ನಡೆಯುತ್ತವೆ. ಸಂಸ್ಕೃತದಲ್ಲಿ ಎರಡು ಬೇರೆ ವಿಭಕ್ತಿಗಳಿದ್ದುದರಿಂದ ಕನ್ನಡದಲ್ಲೂ ಎರಡು ಮನೆಗಳನ್ನು ಕಟ್ಟಿ, ಒಂದನ್ನು ತುಂಬಲು ‘ದೆಸೆ’ಯನ್ನು ತರಬೇಕಾಯಿತು. ಚುರುಕಾದ ಮಗು ಈ ಅಸಂಗತಿಯನ್ನು ಗುರುತಿಸಿ ‘ಯಾಕೆ?’ ಎಂದು ಕೇಳಿಯೇ ಕೇಳುತ್ತದೆ. ಶಾಲೆಯಲ್ಲಾದರೆ ‘ಪರೀಕ್ಷೆಗೆ ಹೀಗೆಯೇ ಬರಿ’ ಎಂಬ ಉತ್ತರ ಸಿಕ್ಕೀತು. ಮನೆಯಲ್ಲಿ ಆ ಪ್ರಶ್ನೆಯೇ ಒಂದು ಪಾಠವಾಗಬಲ್ಲದು. ಪರಿಭಾಷೆಯನ್ನು ಕಲಿಯಲಿ, ಅದು ಎಲ್ಲಿಂದ ಬಂತು, ಎಲ್ಲಿ ಸಡಿಲವಾಗಿ ಕೂತಿದೆ ಎಂಬುದನ್ನೂ ತಿಳಿಯಲಿ. ಶಂಕರ ಭಟ್ಟರ ಎಲ್ಲ ತೀರ್ಮಾನಗಳನ್ನು, ಅದರಲ್ಲೂ ಮಹಾಪ್ರಾಣಗಳನ್ನು ಕೈಬಿಡುವ ಅವರ ಬರಹ ಪದ್ಧತಿಯನ್ನು, ಒಪ್ಪಲೇಬೇಕೆಂದಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ.

ಇಷ್ಟಕ್ಕೂ ವ್ಯಾಕರಣ ಕಲಿತರೆ ಬರವಣಿಗೆ ಸುಧಾರಿಸುತ್ತದೆಯೇ? ಇಂಗ್ಲಿಷ್ ಕಲಿಕೆಯ ಬಗ್ಗೆ ನಡೆದ ಅಧ್ಯಯನಗಳು ನಿರಾಶಾದಾಯಕ ಉತ್ತರ ಕೊಟ್ಟಿವೆ. 1963ರಲ್ಲಿ ಬ್ರ್ಯಾಡಕ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಸಿದ್ಧಪಡಿಸಿದ ವರದಿ, ಬಿಡಿಯಾಗಿ ಕಲಿಸಿದ ವ್ಯಾಕರಣದಿಂದ ಬರವಣಿಗೆಗೆ ಆಗುವ ಲಾಭ ನಗಣ್ಯ ಎಂದಿತು. 1976ರಲ್ಲಿ ನ್ಯೂಜಿಲೆಂಡಿನ ಎಲ್ಲಿ ಮತ್ತು ಸಂಗಡಿಗರು ಪ್ರೌಢಶಾಲೆಯ ಮಕ್ಕಳನ್ನು ಮೂರು ವರ್ಷ ಗಮನಿಸಿ ಹೆಚ್ಚು ಕಡಿಮೆ ಅದೇ ತೀರ್ಮಾನಕ್ಕೆ ಬಂದರು. 2007ರಲ್ಲಿ ಗ್ರಹಾಂ ಮತ್ತು ಪೆರಿನ್ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿಯಮ ಬಾಯಿಪಾಠದಿಂದ ಪ್ರಯೋಜನ ಕಾಣಲಿಲ್ಲ. ಬಿಡಿ ವಾಕ್ಯಗಳನ್ನು ಬೆಸೆದು ದೊಡ್ಡ ವಾಕ್ಯ ಮಾಡುವ ಅಭ್ಯಾಸದಿಂದ ಪ್ರಯೋಜನ ಕಂಡಿತು. ಇವೆಲ್ಲ ಇಂಗ್ಲಿಷಿನ ಮಾತು. ಕನ್ನಡಕ್ಕೆ ಹಾಗೆಯೇ ಅನ್ವಯಿಸುತ್ತವೆಂದು ಹೇಳುವುದು ಅವಸರವಾದೀತು. ಆದರೂ ಕೊನೆಯ ಅಂಶವನ್ನು ಕನ್ನಡದ ಪೋಷಕರು ವಿಶೇಷವಾಗಿ ಗಮನಿಸಬೇಕು. ಏಕೆಂದರೆ ವಾಕ್ಯಗಳನ್ನು ಬೆಸೆಯುವುದು ಕನ್ನಡದ ಜಾಯಮಾನವೇ ಆಗಿದೆ.

‘ರೈತ ಬೆಳಿಗ್ಗೆ ಎದ್ದ. ಅವನು ಹೊಲಕ್ಕೆ ಹೋದ. ಅವನು ಅಕ್ಕಡಿ ಸಾಲಿನ ಅವರೆಯನ್ನು ಬಿಡಿಸಿದ. ಅವನು ಅದನ್ನು ಸಂತೆಗೆ ಸಾಗಿಸಿದ.’ ಬರೆಯಲು ಕಲಿಯುತ್ತಿರುವ ಮಗು ಹೀಗೆ ಬರೆಯುತ್ತದೆ. ‘ಬೆಳಿಗ್ಗೆ ಎದ್ದು ಹೊಲಕ್ಕೆ ಹೋದ ರೈತ ಅಕ್ಕಡಿ ಸಾಲಿನ ಅವರೆ ಬಿಡಿಸಿ ಸಂತೆಗೆ ಸಾಗಿಸಿದ.’ ಕನ್ನಡ ಹೀಗೆ ನಡೆಯುತ್ತದೆ. ಪೂರ್ಣ ಕ್ರಿಯಾಪದ ಒಂದೇ. ಉಳಿದವೆಲ್ಲ ‘ಎದ್ದು’, ‘ಹೋದ’, ‘ಬಿಡಿಸಿ’ ಎಂಬ ಕೃದಂತ ರೂಪಗಳು. ‘ಅವನು’ ಎಂಬ ಪದ ಮೂರು ಸಲ ಮಾಯವಾಯಿತು. ಈ ಒಂದು ಅಭ್ಯಾಸವನ್ನು ಆರು ತಿಂಗಳು ಬಿಡದೆ ಮಾಡಿಸಿದರೆ ಮಗುವಿನ ಬರವಣಿಗೆಯ ಲಯವೇ ಬದಲಾಗುತ್ತದೆ. ಅದರ ಜತೆಗೇ ಸೂಕ್ಷ್ಮ ಪ್ರಶ್ನೆಗಳೂ ಏಳುತ್ತವೆ. ‘ಅಮ್ಮ ಬಂದು ಮಗು ನಕ್ಕಿತು’ ಎಂದರೆ ಕಿವಿಗೆ ಒಗ್ಗದು, ‘ಅಮ್ಮ ಬಂದಾಗ ಮಗು ನಕ್ಕಿತು’ ಎನ್ನಬೇಕು. ಆದರೆ ‘ಮಳೆ ಬಂದು ಕೆರೆ ತುಂಬಿತು’ ಎಂಬುದು ಹೇಗೆ ಸರಿಯಾಯಿತು? ಎರಡು ಕ್ರಿಯೆಗಳ ಕರ್ತೃ ಬೇರೆಯಾದರೂ ಒಂದು ಇನ್ನೊಂದಕ್ಕೆ ನೇರ ಕಾರಣವಾದಾಗ ಭಾಷೆ ಅದನ್ನು ಒಪ್ಪುತ್ತದೆ. ವ್ಯಾಕರಣವೆಂದರೆ ಇಂಥ ಪತ್ತೇದಾರಿ ಕೆಲಸವೆಂದು ತಿಳಿದ ಮಗುವಿಗೆ ಅದು ಬೇಸರದ ವಿಷಯವಾಗಿ ಉಳಿಯುವುದಿಲ್ಲ.

ನಿಯಮಗಳನ್ನು ಹೇಳಿಕೊಡುವುದಕ್ಕಿಂತ ಹುಡುಕಿಸುವುದು ಲೇಸು. ಅದಕ್ಕೆ ದುಬಾರಿ ಪುಸ್ತಕವೇನೂ ಬೇಡ. ಬಸ್ಸಿನ ನಾಮಫಲಕಗಳೇ ಸಾಕು. ನಾವು ಮಾಗಡಿಗೆ ಹೋಗುತ್ತೇವೆ, ಬೆಂಗಳೂರಿಗೆ, ಕುದೂರಿಗೆ, ಸೋಲೂರಿಗೆ ಹೋಗುತ್ತೇವೆ. ಆದರೆ ಕಲ್ಯಕ್ಕೆ, ಕನಕಪುರಕ್ಕೆ, ರಾಮನಗರಕ್ಕೆ, ಚನ್ನಪಟ್ಟಣಕ್ಕೆ ಹೋಗುತ್ತೇವೆ. ‘ಗೆ’ ಎಲ್ಲಿ, ‘ಇಗೆ’ ಎಲ್ಲಿ, ‘ಕ್ಕೆ’ ಎಲ್ಲಿ? ಹತ್ತು ಊರುಗಳ ಹೆಸರನ್ನು ಮೂರು ಗುಂಪು ಮಾಡಿದ ಮಗು ತಾನಾಗಿಯೇ ಉತ್ತರ ಹೇಳುತ್ತದೆ: ಇ, ಎಗಳಿಂದ ಮುಗಿದರೆ ‘ಗೆ’, ಉಕಾರದಿಂದ ಮುಗಿದರೆ ‘ಇಗೆ’, ಅಕಾರದಿಂದ ಮುಗಿದರೆ ‘ಕ್ಕೆ’. ಹಾಗಾದರೆ ‘ಅಣ್ಣನಿಗೆ’ ಎಂಬುದು ‘ಅಣ್ಣಕ್ಕೆ’ ಏಕಾಗಲಿಲ್ಲ? ಮನುಷ್ಯರಿಗೆ ಬೇರೆ ನಿಯಮ, ಮನುಷ್ಯೇತರಕ್ಕೆ ಬೇರೆ ನಿಯಮ. ಕನ್ನಡ ಜಗತ್ತನ್ನು ಹೇಗೆ ವಿಂಗಡಿಸಿಕೊಂಡಿದೆ ಎಂಬ ದೊಡ್ಡ ಸಂಗತಿ ಒಂದು ಪ್ರತ್ಯಯದ ಮೂಲಕ ಬಾಗಿಲು ತೆರೆಯುತ್ತದೆ. ಆದೇಶ ಸಂಧಿಯನ್ನೂ ಹೀಗೆಯೇ ‘ಮಳೆಗಾಲ’, ‘ಹುಲ್ಲುಗಾವಲು’, ‘ಕಂಬನಿ’ಗಳನ್ನು ಬಿಡಿಸುತ್ತಾ ಕಂಡುಕೊಳ್ಳಬಹುದು. ಕೇಶಿರಾಜನೂ ಮಾಡಿದ್ದು ಮೂಲತಃ ಇದನ್ನೇ. ಕವಿಗಳ ಪ್ರಯೋಗಗಳನ್ನು ಕಲೆಹಾಕಿ, ಅವುಗಳ ಆಧಾರದ ಮೇಲೆ ಸೂತ್ರವನ್ನು ನಿಲ್ಲಿಸಿದ.

ಇಲ್ಲಿ ಆಡುನುಡಿಯ ಪ್ರಶ್ನೆಯನ್ನೂ ಎದುರಿಸಬೇಕು. ನಮ್ಮ ಊಹೆಯ ಹುಡುಗಿ ‘ಇದೆ’ ಎನ್ನುತ್ತಾಳೆ, ಪಕ್ಕದ ಹೊಲದ ಗೆಳತಿ ‘ಐತೆ’ ಎನ್ನುತ್ತಾಳೆ. ಇವಳು ‘ಹೋಗ್ತೀನಿ’ ಎಂದರೆ ಅವಳು ‘ಓಯ್ತೀನಿ’. ಮಧ್ಯಮವರ್ಗದ ಮನೆಗಳು ಎರಡನೆಯದನ್ನು ತಪ್ಪು ಕನ್ನಡವೆಂದು ಸಲೀಸಾಗಿ ಕರೆದುಬಿಡುತ್ತವೆ. ಅದು ತಪ್ಪಲ್ಲ. ಅದಕ್ಕೂ ತನ್ನದೇ ಕಟ್ಟುನಿಟ್ಟಾದ ನಿಯಮಗಳಿವೆ. ‘ಹಾಲು’ ‘ಆಲು’ ಆಗುವಲ್ಲಿ, ‘ಹಳ್ಳಿ’ ‘ಅಳ್ಳಿ’ ಆಗುವಲ್ಲಿ ಕಾಣುವ ಕ್ರಮವನ್ನು ಮಗು ಪಟ್ಟಿ ಮಾಡಬಹುದು. ಬರೆಯುವಾಗ ಶಿಷ್ಟ ರೂಪವನ್ನು ಬಳಸುವುದು ಒಂದು ಒಪ್ಪಂದ, ದೂರದವರಿಗೂ ಅರ್ಥವಾಗಲೆಂಬ ಅನುಕೂಲ. ಆ ಒಪ್ಪಂದವನ್ನು ಕಲಿಸೋಣ. ಅದರೊಂದಿಗೆ ತಿರಸ್ಕಾರವನ್ನು ಕಲಿಸುವುದು ಬೇಡ. ಶಾಲೆಯ ಸಹವಾಸವಿಲ್ಲದೆ ಬೆಳೆಯುವ ಮಗುವಿಗೆ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ನೆರೆಯ ಮಕ್ಕಳ ಮಾತೇ ಅದಕ್ಕೆ ಸಿಗುವ ಅತ್ಯಂತ ಜೀವಂತ ಕನ್ನಡ.

ಇನ್ನು ಬರವಣಿಗೆ. ‘ನನ್ನ ಮೆಚ್ಚಿನ ಹಬ್ಬ’, ‘ಹಸುವಿನ ಉಪಯೋಗಗಳು’ ಎಂಬಂಥ ಪ್ರಬಂಧಗಳಿಂದ ಯಾರೂ ಬರೆಯಲು ಕಲಿತಂತಿಲ್ಲ. ಹೇಳಲು ಏನಾದರೂ ಇದ್ದಾಗ, ಕೇಳಲು ಯಾರಾದರೂ ಇದ್ದಾಗ ಮಗು ಬರೆಯುತ್ತದೆ. ಈ ವಿಷಯದಲ್ಲಿ ಕಲ್ಯದಂಥ ಊರು ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಲ್ಲ. ರೇಷ್ಮೆ ಸಾಕುವ ಮನೆಗೆ ಹೋಗಿ, ಹುಳು ಒಂದೊಂದು ಜ್ವರವನ್ನು ಹೇಗೆ ದಾಟುತ್ತದೆ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು ಯಾವಾಗ, ಗೂಡು ಬಿಡಿಸುವುದು ಎಷ್ಟು ದಿನಕ್ಕೆ ಎಂದು ಕೇಳಿ ಬರೆಯುವುದು ಕ್ರಮಬದ್ಧ ಬರವಣಿಗೆಯ ಅಭ್ಯಾಸ. ರಾಗಿ ಹೊಲದಲ್ಲಿ ಅವರೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲನ್ನು ಏಕೆ ಬಿಡುತ್ತಾರೆಂದು ವಿವರಿಸುವುದು ಕಾರಣ–ಪರಿಣಾಮಗಳ ಬರವಣಿಗೆ. ಪದಗಳೂ ಅಲ್ಲಿಯೇ ಸಿಗುತ್ತವೆ. ಅವುಗಳನ್ನು ಇಂಗ್ಲಿಷಿನಿಂದ ಅನುವಾದಿಸಿಕೊಳ್ಳಬೇಕಾಗಿಲ್ಲ.

ವಾದ ಮಂಡನೆಗೂ ಇದೇ ಊರಿನ ಕಲ್ಲು ಒದಗಿ ಬರುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವಿವಾದವನ್ನು ವಿಜಯನಗರದ ಒಂದನೆಯ ಬುಕ್ಕರಾಯ ಬಗೆಹರಿಸಿದ. ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಅವರಿಗೆ ಸಲ್ಲುತ್ತಿದ್ದ ವಾದ್ಯ, ಕಲಶಗಳ ಮರ್ಯಾದೆಯನ್ನು ಎತ್ತಿಹಿಡಿದ. ಶ್ರವಣಬೆಳಗೊಳದಲ್ಲಿರುವ ಆ ಪ್ರಸಿದ್ಧ ಶಾಸನದ ಪ್ರತಿ ಕಲ್ಯದಲ್ಲಿಯೂ ಇದೆ. ದೊರೆಗೆ ದೂರು ಸಲ್ಲಿಸಿದವರ ಊರುಗಳಲ್ಲಿ ‘ಕಲ್ಲೆಹ’ ಎಂದು ಹೆಸರಿಸಿರುವುದು ಈ ಊರನ್ನೇ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಶಾಸನಗಳು ಅಚ್ಚಾಗಿವೆ. ತೆಲುಗು, ಕನ್ನಡ ಎರಡರಲ್ಲೂ ಬರೆದ ಪಾಲ್ಕುರಿಕೆ ಸೋಮನಾಥ ಐಕ್ಯನಾದದ್ದು ಕಲ್ಯದಲ್ಲಿ ಎಂಬ ನಂಬಿಕೆಯೂ ಇದೆ. ಹದಿಮೂರು ವರ್ಷದ ಮಗುವಿಗೆ ಶಾಸನವನ್ನು ಪೂರ್ತಿ ಓದಲು ಆಗಲಿಕ್ಕಿಲ್ಲ. ಆದರೆ ‘ಜೈನರ ಪರವಾಗಿ ದೊರೆಗೊಂದು ಮನವಿ ಬರೆ, ವೈಷ್ಣವರ ಪರವಾಗಿ ಉತ್ತರ ಬರೆ, ಕೊನೆಗೆ ದೊರೆಯಾಗಿ ತೀರ್ಪು ಬರೆ’ ಎಂದರೆ ಮೂರು ದನಿಗಳಲ್ಲಿ ಬರೆಯುವ ಕೆಲಸ ಸಿಕ್ಕಿತು. ಒಬ್ಬನ ನೋವನ್ನು ಇನ್ನೊಬ್ಬನ ಕಡೆಯಿಂದ ನೋಡುವ ಅಭ್ಯಾಸವೂ ಆಯಿತು. ಆಜ್ಞೆಯೊಂದನ್ನು ಎರಡರ್ಥಕ್ಕೆ ಎಡೆಯಿಲ್ಲದಂತೆ ಬರೆಯಬೇಕಾದರೆ ವ್ಯಾಕರಣ ಏಕೆ ಬೇಕೆಂಬುದು ಅಲ್ಲಿ ತಾನಾಗಿ ಅರಿವಾಗುತ್ತದೆ.

ಓದಿಲ್ಲದ ಬರವಣಿಗೆ ಬರಡು ನೆಲ. ಈ ವಯಸ್ಸಿಗೆ ಒಗ್ಗುವ ಒಳ್ಳೆಯ ಗದ್ಯ ನಮ್ಮಲ್ಲಿ ಧಾರಾಳವಾಗಿದೆ. ಗೊರೂರರ ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ತೇಜಸ್ವಿಯವರ ‘ಪರಿಸರದ ಕತೆ’ ಇವುಗಳ ಒಂದೊಂದು ಪ್ಯಾರಾವನ್ನು ದಿನವೂ ಗಟ್ಟಿಯಾಗಿ ಓದಿಸಿ, ವಾರಕ್ಕೊಮ್ಮೆ ಉಕ್ತಲೇಖನ ಬರೆಸಿದರೆ ಕಾಗುಣಿತ, ಒತ್ತಕ್ಷರಗಳ ತೊಡಕು ಬಹುಮಟ್ಟಿಗೆ ಕರಗುತ್ತದೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದು, ವಿಜ್ಞಾನದಿಂದ ಕಲೆಯವರೆಗೆ ಎಲ್ಲವನ್ನೂ ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದ್ದಾರೆ.

ಒಂದು ಸ್ಥೂಲವಾದ ಕ್ರಮವನ್ನು ಹೀಗೆ ಸೂಚಿಸಬಹುದು. ಮೊದಲ ವರ್ಷ ಪರಿಭಾಷೆ ಬೇಡ. ಓದು, ಉಕ್ತಲೇಖನ, ಪ್ರತ್ಯಯಗಳ ಹುಡುಕಾಟ, ವಾಕ್ಯಗಳ ಬೆಸುಗೆ ಸಾಕು. ಎರಡನೆಯ ವರ್ಷ ತಾನು ಕಂಡುಕೊಂಡದ್ದಕ್ಕೆ ಹೆಸರುಗಳನ್ನು ಕಲಿಯಲಿ. ರಾಜ್ಯದ ಪಠ್ಯಪುಸ್ತಕಗಳ ವ್ಯಾಕರಣ ಭಾಗವನ್ನು ಇದಕ್ಕೆ ಬಳಸಬಹುದು. ಅವು ಉಚಿತವಾಗಿಯೇ ಅಂತರ್ಜಾಲದಲ್ಲಿ ದೊರೆಯುತ್ತವೆ. ಮೂರನೆಯ ವರ್ಷ ತೀ.ನಂ.ಶ್ರೀ. ಅವರ ವ್ಯಾಕರಣದ ಆಯ್ದ ಅಧ್ಯಾಯಗಳು, ಅದರ ಪಕ್ಕದಲ್ಲಿ ಶಂಕರ ಭಟ್ಟರ ಪ್ರಶ್ನೆಗಳು. ಮೂರೂ ವರ್ಷ ತಿಂಗಳಿಗೆ ಒಂದಾದರೂ ಬರಹ ಮನೆಯಿಂದ ಹೊರಗೆ ಹೋಗಬೇಕು. ಅಜ್ಜಿಗೆ ಕಾಗದ, ಬೀದಿ ದೀಪಕ್ಕಾಗಿ ಗ್ರಾಮ ಪಂಚಾಯಿತಿಗೆ ಅರ್ಜಿ, ಪತ್ರಿಕೆಯ ವಾಚಕರ ವಾಣಿಗೆ ಪತ್ರ, ಯಾವುದಾದರೂ ಆದೀತು. ತಿದ್ದುವಾಗ ಒಂದು ಬರಹದಲ್ಲಿ ಒಂದೇ ಬಗೆಯ ತಪ್ಪನ್ನು ಗುರುತಿಸುವುದು ಒಳ್ಳೆಯದು. ಪುಟದ ತುಂಬ ಕೆಂಪು ಶಾಯಿಯನ್ನು ಕಂಡ ಮಗು ಮುಂದಿನ ಸಲ ಕಡಿಮೆ ಬರೆಯುತ್ತದೆ.

ಇದೆಲ್ಲ ಕನ್ನಡ ಬಲ್ಲ, ಬಿಡುವಿರುವ ಪೋಷಕರಿಗೆ ಮಾತ್ರ ಸಾಧ್ಯವಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ತಂದೆತಾಯಿಯರಿಗೆ ಸಂಧಿ ಸಮಾಸಗಳು ಮರೆತುಹೋಗಿರುತ್ತವೆ. ಅಂಥವರು ಮಗುವಿನ ಜತೆಗೇ ಕಲಿಯಬೇಕಾಗುತ್ತದೆ, ಇಲ್ಲವೆ ಊರಿನ ನಿವೃತ್ತ ಮೇಷ್ಟರೊಬ್ಬರನ್ನು ವಾರಕ್ಕೆರಡು ಸಲ ಮನೆಗೆ ಕರೆಯಬೇಕಾಗುತ್ತದೆ. ಆದರೆ ಎಲ್ಲವನ್ನೂ ಪೋಷಕರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಕನ್ನಡದ ಹೆಸರಿನಲ್ಲಿ ಸರ್ಕಾರ ನಡೆಸುವ ಪ್ರಾಧಿಕಾರ, ಅಕಾಡೆಮಿಗಳಿವೆ. ವಿಶ್ವವಿದ್ಯಾಲಯಗಳಿವೆ. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಗು ತಾನೇ ಓದಿ ಅಭ್ಯಾಸ ಮಾಡಬಲ್ಲ, ಉತ್ತರಗಳನ್ನೊಳಗೊಂಡ ಒಂದು ಸ್ವಯಂಬೋಧಕ ವ್ಯಾಕರಣವನ್ನೂ ಅದಕ್ಕೆ ಹೊಂದುವ ಬರವಣಿಗೆಯ ಕೈಪಿಡಿಯನ್ನೂ ಅವು ತಯಾರಿಸಿದರೆ ಮನೆಶಿಕ್ಷಣದ ಮಕ್ಕಳಿಗಷ್ಟೇ ಅಲ್ಲ, ಏಕೋಪಾಧ್ಯಾಯ ಶಾಲೆಗಳ ಮಕ್ಕಳಿಗೂ ಹೊರನಾಡಿನ ಕನ್ನಡ ಕುಟುಂಬಗಳಿಗೂ ನೆರವಾಗುತ್ತದೆ. ರೆನ್ ಮತ್ತು ಮಾರ್ಟಿನ್ ಹೆಸರು ಗೊತ್ತಿಲ್ಲದ ಮಧ್ಯಮವರ್ಗದ ಮನೆ ನಮ್ಮಲ್ಲಿ ಅಪರೂಪ. ಕನ್ನಡದಲ್ಲಿ ಅದಕ್ಕೆ ಸಮನಾಗಿ ಮನೆಮಾತಾದ ಒಂದು ಪುಸ್ತಕದ ಹೆಸರು ಹೇಳಿ ಎಂದರೆ ನಾವು ತಡವರಿಸುತ್ತೇವೆ.

2007ರಲ್ಲಿ ರೂಪುಗೊಂಡ ರಾಮನಗರ ಜಿಲ್ಲೆಯ ಹೆಸರನ್ನು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಿಸಲು ಸರ್ಕಾರ ತೀರ್ಮಾನಿಸಿತು. ಮಹಾನಗರ ಮಾಗಡಿಯ ಕಡೆಗೆ ಸರಿಯುತ್ತಿರುವುದಕ್ಕೆ ಇದೂ ಒಂದು ಗುರುತು. ನಗರದೊಂದಿಗೆ ಅದರ ಶಾಲೆಗಳು ಬರುತ್ತವೆ, ಶಾಲೆಗಳನ್ನು ಒಲ್ಲದ ಕುಟುಂಬಗಳೂ ಬರುತ್ತವೆ. ಮಗುವನ್ನು ಶಾಲೆಯಿಂದ ಬಿಡಿಸುವ ಸ್ವಾತಂತ್ರ್ಯವನ್ನು ವಹಿಸಿಕೊಂಡವರು, ಅದನ್ನು ಸುತ್ತಲಿನ ಭಾಷೆಯಿಂದಲೂ ಬಿಡಿಸಿದರೆ ಆ ಸ್ವಾತಂತ್ರ್ಯ ಮಗುವಿನ ಪಾಲಿಗೆ ಏಕಾಂತವಾಗುತ್ತದೆ. ನೆರೆಯವರ ಮಾತನ್ನು ತಿಳಿಯಲು, ಪಂಚಾಯಿತಿಗೆ ಅರ್ಜಿ ಬರೆಯಲು, ಊರಿನ ಕಲ್ಲಿನ ಮೇಲೆ ಏನಿದೆಯೆಂದು ಕೇಳಲು ಬೇಕಾದ ಕನ್ನಡವನ್ನು ಅದಕ್ಕೆ ಕೊಡಲೇಬೇಕು. ಪಠ್ಯಕ್ರಮ ಯಾವುದೆಂಬ ಆಯ್ಕೆ ಆಮೇಲಿನದು.